ಎರಡನೇ ಭಾಗ

ಮೊದಲ ಭಾಗದ ಕೊನೆಗೆ ಏಳು ಗುಂಡು ತಿಂದು ಸತ್ತವನು
ಎರಡನೆಯದರಲ್ಲಿ ಕಾಲರ್ ಸರಿಮಾಡಿಕೊಂಡು ಎದ್ದು ಬಂದ.
ಹೇಗೆ ಅಂತ ನೆವಾರ್ಕಿನ ಆ ಟಾಕೀಸಿನಲ್ಲಿ
ಒಬ್ಬರೂ ಕೇಳಲಿಲ್ಲ.
ಏಳಲಿ ಅಂತಲೇ ಟಿಕೆಟ್ ತಗೊಂಡಿದ್ದರು.

ಮೇಲಿಂದ ಮೈಕು ಇಣುಕಿತು.
ಕಾರು ಹಾರುವಾಗ ಕೆಂಪು, ಬೀಳುವಾಗ ನೀಲಿ.
ಗುದ್ದಿನ ಸದ್ದು ಮೊದಲು, ಗುದ್ದು ಆಮೇಲೆ.
ತುಪ್ಪಳದ ಕೋಟು ಮಾತ್ರ ಅಸಲಿ:
ಮಿಸ್ ಅರ್ನೆಟ್ಟಾಳದು, ಎರವಲು.
ಮೂರನೇ ಸಾಲಲ್ಲಿ ಕೂತು ಕಲೆ ಎಣಿಸುತ್ತಿದ್ದಾಳೆ.

ಗೋದಾಮಿನ ಹೆಣಗಳಲ್ಲಿ ಎಡದಿಂದ ನಾಲ್ಕನೆಯದು
ನನ್ನ ಮಾವ ಕ್ಲಿಯೋಟಿಸ್.
ಹದಿನೈದು ಡಾಲರಿಗೆ, ಊಟ ಸೇರಿ, ಸತ್ತಿದ್ದ.
ಕ್ಯಾಮೆರಾ ಹತ್ತಿರ ಬಂತು.
ಹೊಟ್ಟೆ ಏರಿತು,
ಇಳಿಯಿತು.

"ಉಸಿರಾಡ್ತಿದಾನೆ ಕಣ್ರೋ!" ಬಾಲ್ಕನಿ ಕೂಗಿತು.
ಇಡೀ ಟಾಕೀಸು ಎದ್ದು ನಿಂತು ಚಪ್ಪಾಳೆ.

ಪಕ್ಕದ ಸೀಟಿನಲ್ಲಿ ಮಾವ
ಟೋಪಿ ಮುಖಕ್ಕೆಳೆದುಕೊಂಡು
"ಮೂರನೆಯದಕ್ಕೂ ಕರೀತಾರೆ, ನೋಡ್ತಿರು" ಅಂದ.