ಕಾಶಾ

ಪೊಜ್ನಾನ್. ಡಿಸೆಂಬರ್. ನೆಲಮಾಳಿಗೆ.
ಬೀಟ್‌ಗೆಡ್ಡೆಯ ರೋಗ ಕಲಿಯಲು ಬಂದವನು ನಾನು,
ಗಂಟೆಗೆ ಎರಡು ಸೂಪಿನ ಚೀಟಿಯಂತೆ
ಕಿವಿ ಬಾಡಿಗೆಗೆ ಕೊಟ್ಟು ಕೂತಿದ್ದೇನೆ.

ಲುದ್ಮೀವಾ ಗ್ಝೆಶ್ಕೋವ್ಯಾಕ್,
ಹೆಸರಿನಲ್ಲೇ ಗರಗಸ ಮಸೆಯುವ ಇಂಜಿನಿಯರು,
ಯಂತ್ರಕ್ಕೆ ಮೂರು ಮಾತು ಕಲಿಸುತ್ತಿದ್ದಾಳೆ:
ಕಾಸಾ, ಹಣ ಕಟ್ಟುವ ಕಿಂಡಿ
(ನಮ್ಮ ಕಾಸಿಗೆ ನೆಂಟಸ್ತಿಕೆ ಹಚ್ಚಬೇಡಿ);
ಕಾಷಾ, ನುಚ್ಚಿನ ಗಂಜಿ;
ಕಾಶಾ, ಯಾರದೋ ಮನೆಯ ಹುಡುಗಿ.

ಮೊದಲು ಬರಿಯ ಸದ್ದು.
ಕಾದ ವಾಲ್ವಿನಿಂದ ಸುರಿಯುವ, ಶ್ರುತಿಯಿಲ್ಲದ,
ತೂತು ಬಿದ್ದ ಸೈಕಲ್ ಟ್ಯೂಬಿನ ಸುಯ್ಲು.
ಕಸ, ಅಂದೆ ಕನ್ನಡದಲ್ಲಿ.
ಕಾಸಾ? ಎಂದು ಪೆನ್ಸಿಲ್ ಎತ್ತಿದಳು.
ಅಲ್ಲ ತಾಯೀ, ಕಸ. ಗುಡಿಸಿ ಎಸೆಯುವುದು.
ಎಸೆಯಬೇಡ, ಸೋಸು, ಎಂದಳು.

ಆರು ಸಾವಿರಕ್ಕೆ ಗುಂಡಿ ತಿರುವಿದಳು.
ಕೆಳಗಿನದೆಲ್ಲ ಉದುರಿ
ಉಳಿದದ್ದು ಸೂಜಿ: ಸ.
ನಾಲಿಗೆಗೂ ಹಲ್ಲಿಗೂ ನಡುವೆ
ಕಡಲೆಕಾಳಿಗೂ ಸಾಲದ ಜಾಗ;
ಜಾಗ ಕಿರಿದಾದಷ್ಟೂ ಸದ್ದು ಮೇಲು.
ಮೂರು ಸಾವಿರಕ್ಕೆ ಇಳಿಸಿದಳು.
ಇಲ್ಲದ ನಾಲಿಗೆ ಹಿಂಜರಿಯಿತು,
ಇಲ್ಲದ ತುಟಿ ಮುಂದೆ ಚಾಚಿತು,
ಕಾದ ಬಾಣಲೆಗೆ ಹಿಟ್ಟು ಬಿದ್ದಂತೆ
ಷ.

ಇವೆರಡರ ನಡುವೆ ಎಲ್ಲೋ ಶ.
ಅದೇ ಸಿಗುತ್ತಿಲ್ಲ.
ಇಪ್ಪತ್ತು ಸಲ ಕೇಳಿಸಿದಳು; ಇಪ್ಪತ್ತು ಸಲವೂ
ಗಂಜಿ ಎಂದೇ ಗುರುತು ಹಾಕಿದೆ.
ನನ್ನ ಕಿವಿಯನ್ನು ನಂಬಬೇಡ, ಅಂದೆ.
ದೇಜಪ್ಪ ಮೇಷ್ಟ್ರು ಬೆತ್ತ ಹಿಡಿದು ಕಲಿಸಿದ
ಹೊಟ್ಟೆ ಸೀಳಿದ ಷ
ಕಣ್ಣಿಗೆ ಹತ್ತಿತು, ನಾಲಿಗೆಗೆ ಹತ್ತಲಿಲ್ಲ.

ಮೂರನೆಯ ದಿನ ಅವಳು ಶ-ದ ತಂಟೆ ಬಿಟ್ಟಳು.
ಪಕ್ಕದ ಸ್ವರವನ್ನು ಮುಟ್ಟಿದಳು:
ಆ ಮುಗಿಯುವ ಕಡೆ, ರೆಪ್ಪೆ ಮುಚ್ಚುವಷ್ಟು ಹೊತ್ತು,
ಎರಡನೆಯ ಗೆರೆಯನ್ನು
ಇ-ಯ ಕಡೆಗೆ ಒಂಚೂರು ಬಾಗಿಸಿದಳು.
ಗುಟ್ಟು ನೆರೆಮನೆಯಲ್ಲಿತ್ತು.
ಕಾಗುಣಿತ ತಿದ್ದಿ ಬೆಳೆದ ನನಗಾದರೂ
ಹೊಳೆಯಬೇಕಿತ್ತು.

ಟೇಪು ತಿರುಗಿತು.
ನಾನಿನ್ನೂ ಪೆನ್ಸಿಲ್ ಊರಿರಲಿಲ್ಲ,
ಹೊರಗೆ ಬಕೆಟ್ಟು ನೆಲಕ್ಕೆ ಕುಕ್ಕಿದ ಸದ್ದು.
ನೆಲ ಒರೆಸುವ ಹೆಂಗಸು, ಒದ್ದೆ ಕೈ,
ಬಾಗಿಲ ಸಂದಿಯಲ್ಲಿ ತಲೆ:
"ಯಾರು ಕರೆದದ್ದು?"

ಎರಡು ವರ್ಷ ದಿನಾ ಎದುರಾದವಳನ್ನು
ಪಾನಿ ಎಂದಷ್ಟೇ ಕರೆದಿದ್ದ ಲುದ್ಮೀವಾ
ಕಿವಿಯವರೆಗೂ ಕೆಂಪಾದಳು.
ಮೈಕು ಒಡ್ಡಿ, ನೀವೇ ಒಮ್ಮೆ ಹೇಳಿ, ಎಂದಳು.
ಮುಂದಿನ ಹಲ್ಲೊಂದು ಇರಲಿಲ್ಲ ಆಕೆಗೆ.
ಕಾಗದದ ಮೇಲೆ ಮಸಿಯ ಮೋಡ
ಯಾವ ನಕ್ಷೆಯಲ್ಲೂ ಇಲ್ಲದ ಕಡೆ ಕವಿಯಿತು.
ಇದು ತಪ್ಪಲ್ಲವೇ? ಎಂದು ಆಕೆಯೇ ಕೇಳಿದಳು.
ನಾವಿಬ್ಬರೂ ಉತ್ತರ ಹೇಳಲಿಲ್ಲ.

ಶ ಷ ಸ ಹ, ನಮ್ಮ ವ್ಯಾಕರಣದಲ್ಲಿ ಊಷ್ಮ,
ಎಂದರೆ ಬಿಸಿ.
ಯಂತ್ರದಲ್ಲಿ ಬಿಸಿಯಾಗಿದ್ದದ್ದು ವಾಲ್ವು ಮಾತ್ರ.

ಸಂಜೆ ನನ್ನ ಚೀಟಿ ಮೂವರೂ ಹಂಚಿಕೊಂಡೆವು.
ಸೂಪು ಮುಗಿದಿತ್ತು, ಗಂಜಿ ಉಳಿದಿತ್ತು.
ಹಬೆಯಾಡುವ ಬಟ್ಟಲಿಗೆ ತುಟಿ ಮುಂದೊತ್ತಿ
ಊದಿದೆವು, ಒಟ್ಟಿಗೇ,
ನನ್ನ ಓಲೆಯಲ್ಲೂ ಅವರ ಓಲೆಯಲ್ಲೂ
ಅಕ್ಷರವಿಲ್ಲದ ಸದ್ದನ್ನು.