ತಮಾದಾನ ತೂಕ

ಎತೇರಿ ತಂದಿಟ್ಟಿದ್ದಾಳೆ ಎರಡು ಪೆನ್ನು,
ಒಂದು ನೀಲಿ, ಒಂದು ಬೂದು,
ಉಪ್ಪಿನ ಬಟ್ಟಲಿಗೂ ಅಕ್ರೋಟಿನ ಗೊಜ್ಜಿಗೂ ನಡುವೆ.
ಒಂದಕ್ಷರ ಬರೆಯಲು ಬಾರದ ಪೆನ್ನುಗಳು.
"ಅಪ್ಪಾ, ಇವತ್ತು ತೀರ್ಮಾನ ಆಗಲೇಬೇಕು" ಅಂದಳು,
ಔಷಧಿ ಅಂಗಡಿಯ ಬಿಳಿ ಕೋಟು ಇನ್ನೂ ಬಿಚ್ಚದೆ.

ಕುತಾಯಿಸಿಯಲ್ಲಿ ನನ್ನನ್ನು ಅರಿಯದವರು ಕಡಿಮೆ,
ತಿಬಿಲಿಸಿಯಿಂದಲೂ ಕರೆ ಬರುತ್ತದೆ.
ನಲವತ್ತು ವರ್ಷದ ತಮಾದಾ ನಾನು:
ಮದುವೆಯೋ ತಿಥಿಯೋ, ಮೇಜಿನ ತಲೆಗೆ ಕೂತು
ದ್ರಾಕ್ಷಾರಸದ ಒಂದೊಂದು ಬಟ್ಟಲಿಗೂ
ಒಂದೊಂದು ಮಾತು ಕಟ್ಟಿ ಎತ್ತಿಕೊಡುವವನು.
ಸೊರಗಿದ ತಮಾದಾ ಹಾರೈಸಿದರೆ ಯಾರು ನಂಬುತ್ತಾರೆ?
ನೂರ ಮೂವತ್ತೆಂಟು ಕಿಲೋ.
ಅದರಲ್ಲರ್ಧ ಬೇರೆಯವರ ಸಂತೋಷ.
ಇನ್ನರ್ಧ, ಡಾಕ್ಟರ್ ನುಗ್ಜಾರ್ ಪ್ರಕಾರ,
ಮೆಟ್ಟಿಲ ನಡುವೆ ಕೂತುಬಿಡುವ ಗುಂಡಿಗೆ.

ಸರಿ. ಅಭ್ಯಾಸಬಲ, ಎದ್ದು ನಿಂತೆ.
ಮೊದಲ ಬಟ್ಟಲು ನೀಲಿಗೆ:
ಸೆಮಗ್ಲುಟೈಡಣ್ಣ, ನೀನು ಹಿರಿಯ,
ಗುಂಡಿಗೆಯವರ ಮೇಲೆ ನಿನ್ನನ್ನು ಹೆಚ್ಚು ಕಾಲ ಪರೀಕ್ಷಿಸಿದ್ದಾರಂತೆ,
ನೂರಕ್ಕೆ ಹದಿನೈದು ಇಳಿಸುತ್ತೀಯಂತೆ, ಅವಸರವಿಲ್ಲದವನು.
ಎರಡನೆಯದು ಬೂದಿಗೆ:
ಟಿರ್ಜೆಪಟೈಡೇ, ನೀನು ಕಿರಿಯ, ಚುರುಕು,
ಒಂದರ ಬದಲು ಎರಡು ಬೀಗದ ಕೈ ಹಿಡಿದು ಬಂದವನು,
ನೂರಕ್ಕೆ ಇಪ್ಪತ್ತು, ಶಭಾಷ್.
ನಿನ್ನನ್ನು ಸಾಕಲು ತಿಂಗಳಿಗೊಂದು ಕುರಿ ಮಾರಬೇಕು.
ನಮ್ಮಲ್ಲಿರುವುದು ಬೆಕ್ಕು.

ಎತೇರಿ ನಗಲಿಲ್ಲ. ಬೆರಳು ಮಡಚಿದಳು:
ವಾಕರಿಕೆ, ಎರಡರಲ್ಲೂ.
ವಾರಕ್ಕೊಮ್ಮೆ ಹೊಟ್ಟೆಯ ಚರ್ಮಕ್ಕೆ ಚುಚ್ಚುವುದು, ಎರಡೂ.
ಬಿಟ್ಟರೆ ಇಳಿದದ್ದು ಹತ್ತಿಕೊಳ್ಳುವುದು, ಎರಡರಲ್ಲೂ.
"ಹನ್ನೊಂದನೇ ಬಟ್ಟಲಿನವರೆಗೆ ನನ್ನನ್ನು ನಿಲ್ಲಿಸುವುದು ಯಾವುದು?"
"ಎರಡನೆಯದಕ್ಕೇ ಸಾಕೆನ್ನಿಸುತ್ತದಪ್ಪಾ. ಎರಡರಲ್ಲೂ."

ಆಗ ಹೆದರಿದೆ ನೋಡಿ.
ಸೂಜಿಗಲ್ಲ.
ಹಸಿವು ಹೋದ ನಾಲಿಗೆಯಲ್ಲಿ ಮಾತು ಹುಟ್ಟೀತೆ?
ಬಿಸಿ ಖಾಚಪುರಿ ಹರಿದಾಗ
ಎಳೆಎಳೆಯಾಗಿ ಇಳಿಯುವ ಚೀಸು
ಬರೀ ಚೀಸಾಗಿ ಕಂಡರೆ,
ತೀರಿಕೊಂಡವರ ಬಟ್ಟಲೆತ್ತುವಾಗ ಲಾಮಾರಾ
ಯಾವ ದಾರಿಯಿಂದ ನೆನಪಿಗೆ ಬರಬೇಕು?
ಅವಳು ಬರುತ್ತಿದ್ದದ್ದೇ ಒಲೆಯ ಕಡೆಯಿಂದ,
ಮೊಣಕೈವರೆಗೆ ಹಿಟ್ಟು.

ಕಡೆಗೆ ನೀಲಿಗೆ ಕೈ ಹಾಕಿದೆ.
"ಕಡಿಮೆ ಇಳಿಸುವುದೇ ಇರಲಿ. ಮೇಲೆ ಹೋದಾಗ
ನಿಮ್ಮಮ್ಮ ನನ್ನ ಗುರುತು ಹಿಡಿಯಬೇಡವೇ?"
"ನಿನ್ನ ಗುಂಡಿಗೆಗೆ ಅದನ್ನೇ ಹೇಳೋಣ ಅಂತಿದ್ದೆ" ಎಂದು
ಬೂದು ಪೆನ್ನನ್ನು ಚೀಲಕ್ಕೆ ಹಾಕಿ
ಗೊಜ್ಜಿನ ತಟ್ಟೆ ತನ್ನ ಕಡೆಗೆಳೆದುಕೊಂಡಳು.
ಬೆಳಗಿನಿಂದ ಏನೂ ತಿಂದಿರಲಿಲ್ಲವಂತೆ.
ತಟ್ಟೆ ಬಳಿದು ತಿಂದಳು, ತಾಯಿಯ ಹಾಗೆ, ಮಾತಿಲ್ಲದೆ.

ಶನಿವಾರ ರಿಯೋನಿ ದಂಡೆಯಲ್ಲಿ ಬಾದ್ರಿಯ ಮಗಳ ಮದುವೆ,
ಇನ್ನೂರು ಎಲೆ ಜನ.
ಫ್ರಿಜ್ಜಿನಲ್ಲಿ, ಮೊಟ್ಟೆಗಳ ಪಕ್ಕ, ಪೆನ್ನು ಮಲಗಿದೆ.
ಭಾನುವಾರ, ಅಂದಿದ್ದೇನೆ.
ಯಾವ ಭಾನುವಾರ ಅಂತ ಅವಳಿನ್ನೂ ಕೇಳಿಲ್ಲ.