ಹಸಿ

ಹೊಸ ಕ್ಯಾಮೆರಾ ಬಂದ ವಾರ ನಿದ್ದೆಯಿಲ್ಲ.
ಬೆಳಗಿನ ಜಾವ ನಾಲ್ಕಕ್ಕೆ ಸಿಟಿ ಮಾರ್ಕೆಟ್ಟಿನ ಮೆಟ್ಟಿಲಿಳಿದು
ಪಿಳ್ಳಕ್ಕನ ಕುಕ್ಕೆಯೆದುರು ಕುಕ್ಕರಗಾಲಲ್ಲಿ ಕೂತು
ನೂರಾ ಹನ್ನೆರಡು ಸಲ ಒತ್ತಿದೆ:
ಕನಕಾಂಬರ, ಕನಕಾಂಬರ, ಅವಳ ಕೈ,
ತಲೆಯ ಮೇಲೆ ತೂಗುವ ಒಂದು ಬಿಳಿ ಬಲ್ಬು,
ಮತ್ತೆ ಕನಕಾಂಬರ.
ಪರಿಮಳವಿಲ್ಲದ ಹೂವದು. ಬಣ್ಣ ಕೈಕೊಟ್ಟರೆ
ಅದಕ್ಕೆ ಇನ್ನೇನೂ ಇಲ್ಲ.

ಬಳೇಪೇಟೆಯ ಮಹಡಿಗೆ ಬಂದು ಕಾರ್ಡು ಸಿಕ್ಕಿಸಿದರೆ
ನನ್ನ ಹಳೆಯ ಸಾಫ್ಟ್‌ವೇರು ಬಾಗಿಲಲ್ಲೇ ತಡೆಯಿತು:
ಈ ಫೈಲು ಯಾರದೋ, ನನಗೆ ಪರಿಚಯವಿಲ್ಲ.
ಎಂಟು ವರ್ಷ ಅದರ ಜೊತೆ ಏಗಿದ್ದೇನೆ,
ಇಡೀ ಪೇಟೆಯ ಮದುವೆಗಳನ್ನು ಅದರ ಹೊಟ್ಟೆಗೆ ಹಾಕಿದ್ದೇನೆ.
ಕ್ಯಾಮೆರಾದ ಕಂತು ಇನ್ನೂ ಹದಿನೇಳು ಬಾಕಿ.

ಅಲ್ತಾಫ್ ಬಂದ, ಎರಡು ಹೊಸದು ಹಾಕಿಕೊಟ್ಟ,
ಬನ್ನು ಚಹಾಕ್ಕೆ ಅದ್ದುತ್ತ ವಿವರಿಸಿದ:
ಸೆನ್ಸರ್ ಅಂದ್ರೆ ಒಂದು ವಠಾರ ಕಣ್ರೀ,
ನಾಲ್ಕು ಮನೆಯಲ್ಲಿ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ.
ಒಬ್ಬೊಬ್ಬರ ಹತ್ರ ಒಂದೊಂದೇ ಬಣ್ಣ,
ಮಿಕ್ಕಿದ್ದನ್ನ ಪಕ್ಕದ ಮನೆಯಿಂದ ಕೈಸಾಲ ತರಬೇಕು,
ಸಕ್ಕರೆ ತಂದ ಹಾಗೆ.
ಯಾರ ಮನೆಯಿಂದ, ಎಷ್ಟು ಚಮಚ,
ಅದನ್ನ ಸಾಫ್ಟ್‌ವೇರು ಊಹಿಸುತ್ತೆ.
ಊಹೆಯಾ? ಎಂದೆ.
ಊಹೆಯೇ, ಅಂದ. ಒಳ್ಳೇ ಊಹೆ.

ರಾ ಎಂದರೆ ಹಸಿ ಎಂದು ನಾನೇ ಹುಡುಗರಿಗೆ ಹೇಳಿಕೊಟ್ಟಿದ್ದೆ:
ಹಸಿ ಹಿಟ್ಟು, ಹಸಿ ಮಣ್ಣು, ಇನ್ನೂ ಬೇಯಿಸದ ಸತ್ಯ.
ಹಸಿ ಸುಳ್ಳು ಅನ್ನುವ ಮಾತೂ ನಮ್ಮಲ್ಲೇ ಇದೆಯೆಂದು
ಆ ಸಂಜೆ ನೆನಪಾಯಿತು.

ಒಂದರಲ್ಲಿ ತೆರೆದೆ: ಕನಕಾಂಬರ ಟೊಮೆಟೊ ಸಾರು,
ಎಸಳಿಗೆ ಎಸಳು ಅಂಟಿ ಒಂದೇ ಮುದ್ದೆ.
ಇನ್ನೊಂದರಲ್ಲಿ ತೆರೆದೆ: ಅದೇ ಫೈಲು, ಅದೇ ಗಳಿಗೆ,
ಹೂ ತುಸು ಪೇಲವ, ಕತ್ತಲು ಮಾತ್ರ ರೇಷ್ಮೆ,
ಒಂದು ಚುಕ್ಕೆಯಿಲ್ಲ, ಒಂದು ಕಾಳಿಲ್ಲ,
ಪಿಳ್ಳಕ್ಕನ ಬೆರಳು ಮೇಣದ ಬತ್ತಿ.
ಆ ಕಾಳಿಗೆ ನಾಯ್ಸ್ ಎನ್ನುತ್ತಾರೆ.
ಮಾರ್ಕೆಟ್ಟಿನ ಫೋಟೋದಲ್ಲಿ ಗದ್ದಲ ಇರಕೂಡದಂತೆ.
ಎರಡನ್ನೂ ಪ್ರಿಂಟ್ ಹಾಕಿ ಚೀಲಕ್ಕೆ ಸೇರಿಸಿದೆ.
ಗಿರಾಕಿಯಾದರೆ ಎರಡನೆಯದಕ್ಕೇ ಕಾಸು ಕೊಡುತ್ತಾನೆ, ಗೊತ್ತು.

ಪಿಳ್ಳಕ್ಕ ಬಲ್ಬಿನ ಕೆಳಗೆ ಹಿಡಿದು ನೋಡಿದಳು.
ಮೊದಲನೆಯದನ್ನು ಮಾತಿಲ್ಲದೆ ವಾಪಸ್ಸು ಕೊಟ್ಟಳು.
ಎರಡನೆಯದನ್ನು ಮೂಗಿಗೆ ತಾಗುವಷ್ಟು ಹತ್ತಿರ ತಂದು,
"ಇದು ನನ್ ಹೂವಲ್ಲ."
ಬಣ್ಣ ಸರಿಯಿಲ್ಲವಾ? ಎಂದೆ.
"ಬಣ್ಣ ಬಿಡು, ನಾಕಕ್ಕೊಂದು, ಏಳಕ್ಕೊಂದು.
ನಾರೆಲ್ಲಿ? ನಾನು ಕಟ್ಟೋದು ಬಾಳೆನಾರಲ್ಲಿ.
ಇಲ್ಲಿ ನೂಲು ಐತೆ. ನೂಲಲ್ಲಿ ಕಟ್ಟೋಳು ಆ ಕಂಬದತ್ರ ಕೂತವ್ಳೆ,
ಹೋಗಿ ಅವಳಿಗೆ ಕೊಡು."

ಮಹಡಿಗೆ ಮರಳಿ ಸ್ಲೈಡರನ್ನು ಎಡಕ್ಕೆ ಎಳೆದೆ:
ನಲವತ್ತು, ಇಪ್ಪತ್ತೈದು, ಹತ್ತು,
ಹೆದರಿ ಸ್ವಲ್ಪ ಹೊತ್ತು ಅಲ್ಲೇ ನಿಂತು, ಸೊನ್ನೆ.
ಕತ್ತಲಿಗೆ ರಾಗಿ ಚೆಲ್ಲಿದಂತೆ ಕಾಳು ಬಂತು.
ಕಾಳಿನ ನಡುವೆ ಸೀಳಿದ ನಾರಿನ ಜುಂಗು,
ಬೆರಳ ಸಂದಿಯ ಕಪ್ಪು ಗೆರೆ,
ಹೆಬ್ಬೆರಳ ಉಗುರಿನಲ್ಲೊಂದು ಬಿರುಕು.
ಅದನ್ನು ಅಲ್ಲಿ ಎದುರಿಗೆ ಕೂತಾಗಲೂ ನಾನು ನೋಡಿರಲಿಲ್ಲ.
ಬಿರುಕೋ, ಪಕ್ಕದ ಮನೆಯಿಂದ ತಂದ ಊಹೆಯೋ,
ಈಗಲೂ ಖಚಿತವಿಲ್ಲ.

ಬಿಟ್ಟಿ ಕೊಡುವವಳಲ್ಲ ಅವಳು,
ಚೌಕಾಸಿ ಮಾಡದೆ ಒಂದು ಮೊಳ ಕೊಂಡು ತಂದಿದ್ದೆ.
ಪರದೆಯ ಪಕ್ಕ ಇಟ್ಟು ಹೋಲಿಸಿದರೆ
ಟ್ಯೂಬ್‌ಲೈಟಿನಲ್ಲಿ ಅದು ಮೂರನೆಯದೇ ಬಣ್ಣ.
ಎರಡು ದಿನ ತಡೆಯಿತು. ಮೂರನೆಯ ದಿನ
ನಾರು ಒಣಗಿ ಬಿಗಿದುಕೊಂಡಿತು,
ಹೂ ಕಾಗದವಾಯಿತು.
ಫೈಲು ಮಾತ್ರ ಇನ್ನೂ ಹಸಿ.